ಓದಲು ಮಾತ್ರ

ಆ ಕಾಲಕ್ಕೆ ಭೀಮಾ ತೀರದ ಕಡಬೂರಿನಲ್ಲಿ ಮಾರ್ಚ್ ಕಳೆದ ಮೇಲೆ ಹಗಲು ಹೊತ್ತಿನಲ್ಲಿ ಬೀದಿಗಿಳಿಯುವುದನ್ನು ಜನ ಬಿಟ್ಟೇಬಿಟ್ಟಿದ್ದರು. ಮದುವೆ, ಸಂತೆ, ಶಾಲೆ, ಸತ್ತವರಿಗೆ ಮಣ್ಣು ಕೊಡುವುದು ಎಲ್ಲವೂ ನಸುಕಿಗೋ ಹೊತ್ತು ಮುಳುಗಿದ ಮೇಲಕ್ಕೋ ಸರಿದಿದ್ದವು. ನಡುವಿನ ಹೊತ್ತನ್ನು ಊರು ಬಾಗಿಲು ಹಾಕಿಕೊಂಡು ಕಳೆಯುತ್ತಿತ್ತು. ಪರಸಿ ಎಂಬ ಚಪ್ಪಡಿ ಕಲ್ಲಿನಿಂದ ಕಟ್ಟಿದ ಅಲ್ಲಿನ ಮನೆಗಳು ಒಂದಾನೊಂದು ಕಾಲಕ್ಕೆ ತಂಪಿಗೆ ಹೆಸರಾಗಿದ್ದವಂತೆ. ಈಗ ಅವು ಬಿಸಿಲನ್ನು ಹೀರಿಕೊಂಡು ರೊಟ್ಟಿ ಹಂಚಿನ ಹಾಗೆ ಕಾವು ಬಿಡದೆ ಕೂತಿರುತ್ತಿದ್ದವು. ಹಾಗಾಗಿ ತಂಪು ಮಂಡಳಿ ಎಂಬುದು ಹುಟ್ಟಿತು. ಊರ ಹೊರಗಿನ ಸ್ಥಾವರದಲ್ಲಿ ಕಂಪ್ರೆಸರುಗಳು ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತಿದ್ದವು. ಆ ನೀರು ಪೈಪಿನಲ್ಲಿ ಪ್ರತಿ ಮನೆಯ ನೆಲದಡಿ ಹಾದು, ಮನೆಯ ಕಾವನ್ನು ಹೊತ್ತುಕೊಂಡು ಸ್ಥಾವರಕ್ಕೆ ಮರಳುತ್ತಿತ್ತು. ಅದು ನಿಂತರೆ ಮಧ್ಯಾಹ್ನದೊಳಗೆ ಮನೆ ಒಲೆಯಾಗುತ್ತಿತ್ತು.

ಸುಗಲಾ ಈ ಮಂಡಳಿಯ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್ ಆಗಿದ್ದಳು. ಆಕೆಯ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟವೇನಲ್ಲ. ಪ್ರತಿ ಓಣಿಯ ಮೂಲೆಯಲ್ಲೂ ಒಂದು ಗುಂಡಿ, ಗುಂಡಿಯೊಳಗೆ ವಾಲ್ವ್, ಅದರ ಪಕ್ಕ ಗೋಡೆಗೆ ಒಂದು ಡಬ್ಬಿ. ಡಬ್ಬಿಯೊಳಗಿನ ಕಂಟ್ರೋಲರಿಗೆ ಒಂದು ಅಂಕಿ ಗೊತ್ತಿರುತ್ತದೆ: ವಾಲ್ವ್ ಎಷ್ಟು ತೆರೆದಿರಬೇಕು ಎಂಬುದು. ಕಂಟ್ರೋಲ್ ರೂಮಿನ ಸಾಫ್ಟ್‌ವೇರು ಆ ಓಣಿಯ ಮನೆಗಳ ಉಷ್ಣತೆಯನ್ನು ಕಂಟ್ರೋಲರಿನಿಂದ ಓದುತ್ತದೆ. ಓದಿ, ಲೆಕ್ಕ ಹಾಕಿ, ಹೊಸ ಅಂಕಿಯನ್ನು ಅದಕ್ಕೆ ಬರೆಯುತ್ತದೆ. ಬಿಸಿಲೇರಿದ ಹಾಗೆ ಅಂಕಿ ಏರಬೇಕು, ವಾಲ್ವ್ ತೆರೆಯಬೇಕು. ಅಷ್ಟೇ. ತೊಡಕಿದ್ದದ್ದು ಕಂಟ್ರೋಲರುಗಳಲ್ಲಿ. ಅವು ಹಳೆಯವು, ಬುದ್ಧಿ ಕಮ್ಮಿಯವು. ಹತ್ತು ಗಿರಾಕಿಗಳು ಒಟ್ಟಿಗೆ ಕೂಗಿದರೆ ಸಣ್ಣ ಕಿರಾಣಿಯವನು ತಕ್ಕಡಿ ಹಿಡಿದೇ ನಿಂತುಬಿಡುವಂತೆ, ಪದೇ ಪದೇ ಓದಲು ಹೋದರೆ ಅವು ವಾಲ್ವನ್ನೇ ಮರೆತು ಸ್ತಬ್ಧವಾಗುತ್ತಿದ್ದವು. ಯಾವ ಓಣಿಯನ್ನು ಯಾವಾಗ ಓದಬೇಕು, ಯಾವಾಗ ಬರೆಯಬೇಕು, ಯಾರ ನಂತರ ಯಾರ ಸರದಿ ಎಂದು ಗೊತ್ತು ಮಾಡಿದವಳೇ ಸುಗಲಾ. ಆ ಸರದಿ ಬಂದ ಮೇಲೆ ಊರು ಎರಡು ಬೇಸಿಗೆಗಳನ್ನು ನೆಮ್ಮದಿಯಾಗಿ ಕಳೆದಿತ್ತು.

ಇನ್ನೊಂದನ್ನೂ ಆಕೆ ಮಾಡಿದ್ದಳು. ಹಿಂದೊಮ್ಮೆ ಫಿಟ್ಟರ್ ಒಬ್ಬ ಗುಂಡಿಗಿಳಿದು ವಾಲ್ವಿನ ಹಲ್ಲುಚಕ್ರಕ್ಕೆ ಗ್ರೀಸು ಹಚ್ಚುತ್ತಿರುವಾಗಲೇ ಸಾಫ್ಟ್‌ವೇರು ತನ್ನ ಪಾಡಿಗೆ ತಾನು ಹೊಸ ಅಂಕಿ ಬರೆಯಿತು. ಚಕ್ರ ತಿರುಗಿ ಅವನ ಎರಡು ಬೆರಳು ಹೋದವು. ಅಂದಿನಿಂದ ಪ್ರತಿ ಓಣಿಗೂ ಬರಹದ ಅನುಮತಿ ಎಂಬುದೊಂದನ್ನು ಆಕೆ ಸೇರಿಸಿದಳು. ಅನುಮತಿ ತೆಗೆದರೆ ಸಾಫ್ಟ್‌ವೇರು ಆ ಓಣಿಯನ್ನು ಓದಬಹುದು, ಬರೆಯುವಂತಿಲ್ಲ. ಸ್ಕ್ರೀನಿನ ಮೇಲೆ ಆ ಓಣಿಯ ಹೆಸರಿನ ಮುಂದೆ ಹಳದಿ ಅಕ್ಷರದಲ್ಲಿ ‘ಓದಲು ಮಾತ್ರ’ ಎಂದು ಮೂಡುತ್ತಿತ್ತು, ಕಾರಣದ ಜಾಗದಲ್ಲಿ ‘ದುರಸ್ತಿ’ ಎಂದು ತಾನಾಗಿಯೇ ದಾಖಲಾಗುತ್ತಿತ್ತು. ಅದರ ನಂತರ ಯಾರ ಬೆರಳೂ ಹೋಗಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಮೂರು ಕಂಪ್ರೆಸರುಗಳಲ್ಲಿ ಒಂದು ಸುಟ್ಟುಹೋಯಿತು. ಹೊಸದು ಬರಲು ವಾರಗಳೇ ಬೇಕೆಂದರು. ಇದ್ದ ತಣ್ಣೀರು ಊರಿಗೆಲ್ಲ ಸಾಲುವಂತಿರಲಿಲ್ಲ. ನಿರ್ದೇಶಕರಾದ ಮಠಪತಿ ಸಾಹೇಬರು ತಮ್ಮ ಕೋಣೆಗೆ ಸುಗಲಾಳನ್ನೂ ಆಕೆಯ ಜೊತೆಗಾರ ಮುನೀರನನ್ನೂ ಕರೆಸಿದರು. ಸಾಹೇಬರು ಗದರುವವರಲ್ಲ. ಮಾತಿಗೆ ಮುಂಚೆ ಇಬ್ಬರಿಗೂ ಮಜ್ಜಿಗೆ ತರಿಸಿ, ಅವರು ಕುಡಿಯುವ ತನಕ ಕಾದರು.

“ಎಲ್ಲಾರಿಗೂ ಸಮ ಹಂಚಿದ್ರ ಏನಾಗ್ತದ?” ಎಂದು ಕೇಳಿದರು.

“ಆಸ್ಪತ್ರಿ ಬಿಟ್ಟು ಎಲ್ಲಾರ ಮನಿನೂ ಮೂವತ್ತಾರು ಡಿಗ್ರಿ ತನಕ ಹೋಗ್ತದ್ರಿ ಸರ್. ತ್ರಾಸ ಆಗ್ತದ, ಖರೆ. ಜೀವಕ್ಕೇನೂ ಆಗಲ್ಲ,” ಎಂದಳು ಸುಗಲಾ.

“ಮ್ಯಾಲಿನ ಬಡಾವಣ್ಯಾಗ ಮೂವತ್ತಾರು ಆದ್ರ ನನ್ನ ಫೋನ್ ಸುಮ್ನಿರ್ತದೇನವ್ವ?” ಸಾಹೇಬರು ನಕ್ಕರು. ಆಮೇಲೆ ಕಿಟಕಿಯ ಪರದೆಯನ್ನು ಇನ್ನಷ್ಟು ಎಳೆದರು. “ಕೆಳಗಿನ ಓಣಿ ವಾಲ್ವ್ ಮುಚ್ಚೋಣಂದ್ರ ಅದಕ್ಕ ಆರ್ಡರ್ ಬೇಕು. ಆರ್ಡರ್ ಮ್ಯಾಲ ಸಹಿ ಯಾರು ಮಾಡ್ತಾರ? ನಾಳಿ ಏನರ ಆದ್ರ ಆ ಸಹಿ ಮುಂದ ಬರ್ತದ. ಅದಕ್ಕ ಕೇಳ್ತೀನಿ, ನಿಮ್ಮದು ಬರಹದ ಅನುಮತಿ ಅಂತ ಅದಲ್ಲ, ಅದನ್ನ ತಗದ್ರ ವಾಲ್ವ್ ಎಲ್ಲಿಗಿ ಹೋಗ್ತದ?”

“ಎಲ್ಲಿಗೂ ಹೋಗಲ್ಲರಿ. ಕಡೀಗಿ ಬರದ ಅಂಕಿ ಮ್ಯಾಲೇ ನಿಂತಿರ್ತದ.”

“ಅಂದ್ರ ಬಿಸಲು ಏರೂಕಿಂತ ಮೊದಲ ತಗದ್ರ, ಮುಂಜಾನಿ ಎಷ್ಟು ತಗದಿತ್ತೋ ಅಷ್ಟೇ.”

“ಹೌದ್ರಿ.”

“ಮುಚ್ಚಿದಂಗ ಆಗಲ್ಲ.”

“ಮುಚ್ಚಿದಂಗ ಆಗಲ್ಲರಿ,” ಎಂದಳು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಆಕೆಗೆ ತಿಳಿಯಿತು. ಮುನೀರ ಲೋಟದ ತಳವನ್ನೇ ನೋಡುತ್ತಿದ್ದ. ಬೆಳಗಿನ ವಾಲ್ವ್ ಎಂದರೆ ಕೂದಲೆಳೆಯಷ್ಟು ತೆರೆದ ವಾಲ್ವ್. ಮಧ್ಯಾಹ್ನದ ಕಾವಿಗೆ ಆ ನೀರು ಬೆಂಕಿಗೆ ಉಗುಳಿದ ಹಾಗೆ.

ಮರುದಿನ ಮುಂಜಾನೆ ಊರ ಕೆಳಗಿನ ಪರಸಿ ಕೇರಿ, ಸುಣ್ಣಗಾರ ಓಣಿ, ಹಳೆ ಗಿರಣಿ ಚಾಳು, ಈ ಮೂರರ ಮುಂದೆಯೂ ಹಳದಿ ಅಕ್ಷರ ಮೂಡಿತು. ಒತ್ತಿದ್ದು ಸುಗಲಾಳ ಬೆರಳೇ. ಒತ್ತುವಾಗ, ಎರಡು ದಿನದ ಮಾತು, ಬೇರೆ ದಾರಿ ಹುಡುಕುತ್ತೇವೆ ಎಂದು ಸಾಹೇಬರು ಹೇಳಿದ್ದನ್ನು ಆಕೆ ಮನಸ್ಸಿನಲ್ಲಿ ಹೇಳಿಕೊಂಡಳು. ಆಮೇಲೆ ದಿನವಿಡೀ ಕೂತು ನೋಡಿದಳು. ಅದೇ ಅತಿ ಕೆಟ್ಟದ್ದು. ಸಾಫ್ಟ್‌ವೇರು ಸರದಿ ತಪ್ಪದೆ ಆ ಮೂರು ಓಣಿಗಳನ್ನು ಓದುತ್ತಲೇ ಇತ್ತು: ಮೂವತ್ತೈದು, ಮೂವತ್ತಾರೂವರೆ, ಮೂವತ್ತೆಂಟು. ಪ್ರತಿ ಸಲ ಓದಿದಾಗಲೂ ಅದು ಸರಿಯಾದ ಅಂಕಿಯನ್ನು ಲೆಕ್ಕ ಹಾಕುತ್ತಿತ್ತು, ಬರೆಯಲು ಹೋಗುತ್ತಿತ್ತು, ಅನುಮತಿಯಿಲ್ಲವೆಂದು ಸುಮ್ಮನಾಗುತ್ತಿತ್ತು.

ಪರಸಿ ಕೇರಿಯಲ್ಲಿ ಆಕೆಯ ಅಕ್ಕ ಇಂದುಮತಿ ಇದ್ದಳು. ತಾಯಿ ತೀರಿಕೊಂಡ ಮೇಲೆ ರೊಟ್ಟಿ ಬಡಿದು ತಂಗಿಯನ್ನು ಎಂಜಿನಿಯರಿಂಗ್ ಓದಿಸಿದವಳು ಅವಳೇ. ಈಗಲೂ ಕೇರಿಯ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ನಸುಕಿನಲ್ಲಿ ಒಲೆ ಹೂಡಿ, ಖಾನಾವಳಿಗಳಿಗೆ ಜೋಳದ ರೊಟ್ಟಿ ಕಳಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಸುಗಲಾ ಅಲ್ಲಿಗೆ ಹೋದಾಗ ಹೆಂಗಸರೆಲ್ಲ ಅಂಗಳಕ್ಕೆ ನೀರು ಸುರಿದು ಅದರ ಮೇಲೆ ಕಾಲು ಚಾಚಿ ಕೂತಿದ್ದರು. ಒಳಗೆ ತೊಟ್ಟಿಲ ಬಳಿ ಅವರಲ್ಲೊಬ್ಬಳಾದ ಪುತಳವ್ವ ಮಲಗಿದ್ದಳು. ಹೆತ್ತು ತಿಂಗಳಾಗಿರಲಿಲ್ಲ, ಗಂಡ ಕಲ್ಲಿನ ಲಾರಿಯ ಮೇಲೆ ಸೋಲಾಪುರದ ಕಡೆ ಹೋಗಿದ್ದ.

“ಬಾರ ಸುಗಲಿ,” ಎಂದಳು ಇಂದುಮತಿ. “ನಿಮ್ಮ ಡಬ್ಬಿಗಿ ಇವತ್ತ ಏನಾಗ್ಯಾದ? ನೆಲಕ್ಕ ಕಾಲಿಡಲಾಕ ಆಗವಲ್ದು. ಕೂಸು ಅತ್ತು ಅತ್ತು ದನಿ ಬಿದ್ದದ.”

ನಿಜ ಹೇಳಬೇಕೆಂದು ಸುಗಲಾ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದಳು. ಅಕ್ಕನ ಮುಖ ನೋಡಿದಾಗ ಬಾಯಿಗೆ ಬಂದದ್ದು ಬೇರೆಯೇ.

“ರಿಪೇರಿ ನಡದದಕ್ಕ,” ಎಂದಳು.

“ಹೌದಾ? ನಾಳಿಗಿ ಆಗ್ತದಲ್ಲ?”

“ಆಗ್ತದ. ನೀ ಎರಡು ದಿನ ನನ್ನ ಕ್ವಾರ್ಟರ್ಸಿಗಿ ಬಂದುಬಿಡು. ಈಗೇ ನಡಿ.”

“ಇವರನ್ನ ಬಿಟ್ಟು ಹ್ಯಾಂಗ ಬರ್ಲಿ? ಬಾಣಂತಿ ಆಕಿ. ನಾ ಹೋದ್ರ ಆಕಿಗಿ ನೀರು ಕೊಡೋರ್‍ಯಾರು?” ಇಂದುಮತಿ ತನ್ನ ಒದ್ದೆ ಸೆರಗಿನಿಂದ ತಂಗಿಯ ಮುಖ ಒರೆಸಿದಳು. “ನೀ ಅಲ್ಲಿ ಕುಂತೀದಿ ಅಂತ ಕೇರಿಯವರಿಗೆಲ್ಲ ಧೈರ್ಯ. ರಿಪೇರಿ ಅಂದ್ರ ರಿಪೇರಿ, ಆಗ್ತದ ತಗೋ. ಅದಕ್ಕ್ಯಾಕ ಮಾರಿ ಸಣ್ಣ ಮಾಡ್ತಿ?”

ಎಲ್ಲರನ್ನೂ ಕರೆದುಕೊಂಡು ಬಾ ಎಂದು ಸುಗಲಾ ಹೇಳಬಹುದಿತ್ತು. ಹೇಳಿದ್ದರೆ ಯಾಕೆಂದು ಕೇಳುತ್ತಿದ್ದರು. ಆಕೆ ಕೂಸಿನ ಅಂಗಾಲು ಮುಟ್ಟಿ ನೋಡಿ ಎದ್ದುಬಂದಳು.

ಎರಡನೆಯ ದಿನ ಬಿಸಿಲು ಇನ್ನೂ ಬೇಗ ಏರಿತು. ಸುಣ್ಣಗಾರ ಓಣಿಯಿಂದ ಒಬ್ಬ ಮುದುಕನನ್ನು ಆಸ್ಪತ್ರೆಗೆ ಒಯ್ದರೆಂದು, ಸ್ವಲ್ಪ ಹೊತ್ತಿಗೆ ಅವನ ಸೊಸೆಯನ್ನೂ ಒಯ್ದರೆಂದು ಸುದ್ದಿ ಬಂತು. ಸುಗಲಾ ಮಠಪತಿ ಸಾಹೇಬರ ಬಾಗಿಲಿಗೆ ಹೋಗಿ ನಿಂತಳು. ಅವರೇ ಎದ್ದು ಹೊರಗೆ ಬಂದರು, ಕಂಟ್ರೋಲ್ ರೂಮಿಗೆ ಬಂದು ಸ್ಕ್ರೀನು ನೋಡಿದರು. ಮೂರೂ ಓಣಿಗಳಲ್ಲಿ ಮೂವತ್ತೊಂಬತ್ತು ದಾಟಿತ್ತು.

“ಇವನ್ನ ಯಾಕ ಓದ್ಲಾಕತ್ತೀರಿ?” ಎಂದರು.

ಆಕೆಗೆ ಅರ್ಥವಾಗಲಿಲ್ಲ.

“ಬರಿಯಾಕ ಆಗಲ್ಲ ಅಂದ ಮ್ಯಾಲ ಓದಿ ಏನು ಉಪಯೋಗ? ಓದಿದ್ದೆಲ್ಲ ದಾಖಲ ಆಗ್ತದ. ಮೂವತ್ತೊಂಬತ್ತು ಅಂತ ನಮಗ ಗೊತ್ತಿತ್ತು ಅಂತ ಆಗ್ತದ. ಓದೂದು ನಿಲ್ಲಸ್ರಿ. ಕಂಪ್ರೆಸರ್ ಬರೂತನ ಈ ಮೂರೂ ಓಣಿ ಸರದಿ ಒಳಗ ಬ್ಯಾಡ.”

“ಸರ್, ಜನ ಸಾಯ್ತಾರ್ರಿ.”

“ನಾವೇನು ಮಾಡೀವಿ ಹೇಳ್ರಿ? ನಾವು ಏನೂ ಮಾಡಿಲ್ಲ.” ಸಾಹೇಬರ ದನಿ ಏರಲಿಲ್ಲ. ಆಕೆಯ ಹೆಗಲ ಮೇಲೆ ಕೈಯಿಡಲು ಬಂದವರು ಇಡದೆ ಹೊರಟುಹೋದರು.

ಸುಗಲಾ ಕುರ್ಚಿಯಲ್ಲಿ ಕೂತಳು. ಸರದಿಯ ಪುಟ ತೆರೆದಳು. ಹೇಳಿದ್ದನ್ನು ಮಾಡಲೆಂದೇ ತೆರೆದಳು. ಬೇರೆ ಏನೂ ಆಕೆಯ ತಲೆಯಲ್ಲಿರಲಿಲ್ಲ. ಮೊದಲು ಸುಣ್ಣಗಾರ ಓಣಿಯನ್ನು ತೆಗೆಯಲು ಹೋದಾಗ ಅದರ ಅಂಕಿ ಮೂವತ್ತೊಂಬತ್ತು ಬಿಂದು ನಾಲ್ಕರಿಂದ ಬಿಂದು ಆರಕ್ಕೆ ಸರಿಯಿತು. ಗಿರಣಿ ಚಾಳಿನದೂ ಅಲುಗಿತು. ಪರಸಿ ಕೇರಿಯದು ಅಲುಗಲಿಲ್ಲ. ಮೂವತ್ತೊಂಬತ್ತು ಬಿಂದು ಎರಡು. ಇನ್ನೊಂದು ಸರದಿ ಬಂತು, ಹೋಯಿತು. ಮೂವತ್ತೊಂಬತ್ತು ಬಿಂದು ಎರಡು.

ಮನುಷ್ಯರಿರುವ ಮನೆಯ ಅಂಕಿ ಹಾಗೆ ಕಲ್ಲಾಗಿ ಕೂರುವುದಿಲ್ಲ. ಯಾರೋ ಬಾಗಿಲು ತೆಗೆಯುತ್ತಾರೆ, ಯಾರೋ ನೀರು ಚೆಲ್ಲುತ್ತಾರೆ. ಕೊನೆಯ ಅಂಕಿ ಆಡುತ್ತಲೇ ಇರುತ್ತದೆ. ಆಕೆ ಹಿಂದಕ್ಕೆ ಹೋಗಿ ನೋಡಿದಳು. ಹತ್ತು ಗಂಟೆಯ ಸುಮಾರಿನಿಂದಲೂ ಅದೇ ಅಂಕಿ. ಪರಸಿ ಕೇರಿಯ ಡಬ್ಬಿ ಕಾವಿಗೆ ಸುಟ್ಟು ಸತ್ತಿತ್ತು. ಉತ್ತರ ಬಾರದಿದ್ದಾಗ ಸಾಫ್ಟ್‌ವೇರು ಕೊನೆಗೆ ಸಿಕ್ಕ ಉತ್ತರವನ್ನೇ ಸ್ಕ್ರೀನಿನ ಮೇಲೆ ಉಳಿಸಿಕೊಳ್ಳುತ್ತಿತ್ತು. ಈಗ ಗಂಟೆ ಎರಡಾಗಿತ್ತು. ಅಲ್ಲಿ ಈಗ ಎಷ್ಟಿದೆಯೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಕೆ ಸರದಿಯ ಪುಟ ಮುಚ್ಚಿ ಅನುಮತಿಯ ಪುಟ ತೆರೆದಳು. ಮೂರೂ ಓಣಿಗಳ ಹಳದಿ ಅಕ್ಷರ ಅಳಿಸಿದಳು. ಆಸ್ಪತ್ರೆಯೊಂದನ್ನು ಬಿಟ್ಟು ಊರಿಗೆಲ್ಲ ಒಂದೇ ಉಷ್ಣತೆ, ಮೂವತ್ತಾರು, ಎಂದು ಬರೆಯಲು ಆಜ್ಞೆ ಕೊಟ್ಟಳು.

“ಮ್ಯಾಡಮ್,” ಎಂದ ಮುನೀರ ಮೆಲ್ಲಗೆ. “ಲಾಗಿನ್ ನಿಮ್ಮ ಹೆಸರಿಂದದ.”

“ಇರ್ಲಿ. ಎಲ್ಲಾ ಒಮ್ಮೆಲೇ ಬರದ್ರ ಡಬ್ಬಿ ನಿಂತುಬಿಡ್ತಾವ. ಒಂದಾದ ಮ್ಯಾಲ ಒಂದು ಹೋಗ್ಲಿ, ನೀವು ಮುಂದ ಕುಂದ್ರಿ. ಯಾರು ಬಂದ್ರೂ ಏಳಬ್ಯಾಡ್ರಿ. ಪರಸಿ ಕೇರಿ ಡಬ್ಬಿ ಬರದದ್ದು ಕೇಳಲ್ಲ. ಅದಕ್ಕ ನಾನೇ ಹೋಗ್ತೀನಿ.”

ದುರಸ್ತಿಯ ಗಾಡಿಯ ಸ್ಟೇರಿಂಗು ಹಿಡಿಯಲಾಗದಷ್ಟು ಸುಡುತ್ತಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕೇರಿಯ ಮೂಲೆಗೆ ಬಂದು ಇಳಿದಾಗ ಬಿಸಿಗಾಳಿ ಮುಖಕ್ಕೆ ಹೊಡೆದು ಉಸಿರು ಅರ್ಧಕ್ಕೇ ನಿಂತಿತು. ಗುಂಡಿಯ ಕಬ್ಬಿಣದ ಮುಚ್ಚಳಕ್ಕೆ ವೇಲ್ ಸುತ್ತಿ ಎಳೆದಳು, ಬರಲಿಲ್ಲ. ಕೂಗಿದಳು. ಯಾರ ಹೆಸರು ಹಿಡಿದು ಕೂಗಿದಳೋ ಆಮೇಲೆ ಆಕೆಗೆ ನೆನಪಾಗಲಿಲ್ಲ. ಒಂದು ಬಾಗಿಲು ತೆರೆದು ಒದ್ದೆ ಗೋಣಿಚೀಲ ಹೊದ್ದ ಇಂದುಮತಿ ಹೊರಗೆ ಬಂದಳು, ಅವಳ ಹಿಂದೆ ಇನ್ನೊಬ್ಬ ಹೆಂಗಸು. ಮೂವರೂ ಸೇರಿ ಮುಚ್ಚಳ ಎತ್ತಿದರು. ಸುಗಲಾ ಗುಂಡಿಗಿಳಿದು ವಾಲ್ವಿಗೆ ನಟ್ಟು ತಿರುವುವ ದೊಡ್ಡ ಪಾನಾ ಹಾಕಿ ನೇತುಬಿದ್ದಳು. ಅಂಗೈಯ ತೊಗಲು ಪಾನಾಕ್ಕೆ ಅಂಟಿ ಬಂತು. ಕೊನೆಗೊಮ್ಮೆ ಅದು ಕಿರುಗುಟ್ಟಿ ತಿರುಗಿತು, ಪೈಪಿನೊಳಗೆ ನೀರು ಧಾವಿಸುವ ಸದ್ದು ಕೇಳಿಸಿತು.

ಮೇಲೆ ಬಂದಾಗ ಇಂದುಮತಿ ಅಲ್ಲೇ ನಿಂತಿದ್ದಳು.

“ಪುತಳವ್ವ ಏಳವಲ್ಲಳು,” ಎಂದಳು.

ಒಳಗೆ ಕತ್ತಲಲ್ಲಿ ನೀರು ತುಂಬಿದ ತಾಮ್ರದ ಕೊಪ್ಪರಿಗೆಯಲ್ಲಿ ಕೂಸನ್ನು ಕುತ್ತಿಗೆಯವರೆಗೆ ಮುಳುಗಿಸಿ ಒಬ್ಬ ಹೆಂಗಸು ಹಿಡಿದುಕೊಂಡು ಕೂತಿದ್ದಳು. ಕೂಸಿಗೆ ಉಸಿರಿತ್ತು. ಪುತಳವ್ವ ಗೋಡೆಗೊರಗಿ ಕೂತಿದ್ದಳು, ಕೈಯಲ್ಲಿ ತಂಬಿಗೆ ಹಾಗೇ ಇತ್ತು, ಉಸಿರಿರಲಿಲ್ಲ. ಮೈ ಬೆವರಿರಲಿಲ್ಲ, ಬಿಸಿಲಿಗೆ ಕಾದ ಕಲ್ಲಿನಂತೆ ಸುಡುತ್ತಿತ್ತು. ಪಕ್ಕದ ಮನೆಯ ರೇಣವ್ವ ಅದಕ್ಕೂ ಮುಂಚೆಯೇ ಹೋಗಿದ್ದಳು. ಅವಳನ್ನು ಚಾಪೆಯ ಮೇಲೆ ನೆಟ್ಟಗೆ ಮಲಗಿಸಿ ಮುಖಕ್ಕೆ ಸೆರಗು ಹೊದಿಸಿದ್ದರು.

ನೆಲ ಮೆಲ್ಲಗೆ ತಣ್ಣಗಾಗತೊಡಗಿತು. ಹೆಂಗಸರು ಅದಕ್ಕೆ ಕೆನ್ನೆ ಹಚ್ಚಿ ಮಲಗಿದರು. ಇಂದುಮತಿ ಮಾತ್ರ ತಂಗಿಯನ್ನು ನೋಡುತ್ತ ನಿಂತಿದ್ದಳು.

“ರಿಪೇರಿ ಮಾಡೋರು ಯಾರೂ ಬರ್ಲೇ ಇಲ್ಲ,” ಎಂದಳು.

ಸುಗಲಾ ಸುಲಿದ ಅಂಗೈಗೆ ವೇಲ್ ಸುತ್ತಿಕೊಂಡಳು.

“ನಿನ್ನಿ ಬಂದಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ತಕ್ಕ.”

ಇಂದುಮತಿ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೊಪ್ಪರಿಗೆಯ ಬಳಿ ಹೋಗಿ ಕೂಸನ್ನು ಎತ್ತಿಕೊಂಡಳು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ಓಣಿಗಳಲ್ಲಿ ಒಟ್ಟು ಹನ್ನೊಂದು ಮಂದಿ ಸತ್ತಿದ್ದರು. ಮುನೀರ ಆ ದಿನ ಸಂಜೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಮೇಲಿನ ಬಡಾವಣೆಯಲ್ಲಿ ಮನೆಗಳು ಮೂವತ್ತಾರಕ್ಕೆ ಬಂದವು, ಫೋನುಗಳು ಬಂದವು, ಯಾರೂ ಸಾಯಲಿಲ್ಲ. ತನಿಖೆಗೆ ಮುಂಚೆಯೇ ಅವನನ್ನು ಬೇರೆ ಊರಿಗೆ ಹಾಕಿದರು, ಅವನ ಹೇಳಿಕೆ ಯಾರೂ ಕೇಳಲಿಲ್ಲ.

ತನಿಖೆ ನಡೆಯಿತು. ತನಿಖೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಎಲ್ಲವನ್ನೂ ನೋಡಿದರು. ವಾಲ್ವ್ ಮುಚ್ಚುವಂತೆ ಮಂಡಳಿ ಯಾವ ಕಂಟ್ರೋಲರಿಗೂ ಬರೆದಿರಲಿಲ್ಲ. ನಿಜವೇ, ಒಂದಕ್ಷರವೂ ಬರೆದಿರಲಿಲ್ಲ. ಮೂರು ಓಣಿಗಳಿಗೆ ಬರಹದ ಅನುಮತಿ ತೆಗೆದಿದ್ದಕ್ಕೆ ಕಾರಣ ‘ದುರಸ್ತಿ’ ಎಂದಿತ್ತು, ದಾಖಲಾದ ಮೂವತ್ತೊಂಬತ್ತಕ್ಕೂ ಅದೇ ಕಾರಣವಾಯಿತು. ಹಾಗಲ್ಲವೆಂದು ಸುಗಲಾ, ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ತಿಳಿಸಿದಳು. ಸಾಹೇಬರು ಬೇಸರದಿಂದ ತಲೆಯಾಡಿಸಿದರು. ಪಾಪ, ಹುಡುಗಿಗೆ ಆಘಾತವಾಗಿದೆ ಎಂದರು. ಅಧಿಕಾರಿ ಕೇರಿಯವರ ಹೇಳಿಕೆ ಪಡೆಯಲು ಇಂದುಮತಿಯನ್ನು ಕರೆಸಿದರು.

“ಹಿಂದಿನ ದಿವಸ ನಿಮ್ಮ ತಂಗಿ ಮನೆಗೆ ಬಂದಿದ್ದರಲ್ಲ, ತಂಪು ಯಾಕೆ ನಿಂತಿದೆ ಅಂತ ಹೇಳಿದರು?”

ಇಂದುಮತಿ ಎಂದೂ ಸುಳ್ಳು ಹೇಳಿದವಳಲ್ಲ. ತೊಡೆಯ ಮೇಲಿನ ಕೂಸನ್ನು ಸರಿಮಾಡಿಕೊಂಡು, “ರಿಪೇರಿ ನಡದದ ಅಂದಿದ್ಳರಿ,” ಎಂದಳು.

ಅಧಿಕಾರಿ ಬರೆದುಕೊಂಡರು. ಸುಗಲಾ ಕಣ್ಣು ಮುಚ್ಚಿಕೊಂಡಳು. ಅಕ್ಕ ಹೇಳಿದ್ದರಲ್ಲಿ ತಿದ್ದಲು ಏನೂ ಇರಲಿಲ್ಲ.

ವರದಿ ಬಂದಾಗ ಅದರಲ್ಲಿ ನಿಯಮ ಮೀರಿದ ಘಟನೆ ಒಂದೇ ಒಂದು ಇತ್ತು. ಮಂಡಳಿಯ ಅಪ್ಪಣೆಯಿಲ್ಲದೆ, ಎಂಜಿನಿಯರ್ ಸುಗಲಾ ಎಂಬುವರ ಹೆಸರಿನಿಂದ, ಊರಿನ ಎಲ್ಲ ಕಂಟ್ರೋಲರುಗಳಿಗೂ ಬರೆಯಲಾಗಿತ್ತು. ಆಕೆಯ ಕೆಲಸ ಹೋಯಿತು. ಮೊಕದ್ದಮೆ ಹೂಡಿದರು, ಅದು ಇನ್ನೂ ನಡೆಯುತ್ತಿತ್ತು. ಹೊಸ ಕಂಪ್ರೆಸರ್ ಬಂತು. ಅದಾದ ಮೇಲೂ ಕರೆಂಟು ಕೈಕೊಟ್ಟ ದಿನಗಳಲ್ಲಿ ಕೆಳಗಿನ ಯಾವುದಾದರೊಂದು ಓಣಿ ದುರಸ್ತಿಗೆ ಬೀಳುತ್ತಿತ್ತು. ಅಕ್ಕಪಕ್ಕದ ಊರುಗಳ ಮಂಡಳಿಯವರು ಸುಗಲಾ ಕಟ್ಟಿದ ವ್ಯವಸ್ಥೆಯನ್ನು ನೋಡಲು ಬಂದರು, ತಮಗೂ ಬೇಕೆಂದು ಕೊಂಡೊಯ್ದರು.

ಮರುವರ್ಷದ ಬೇಸಿಗೆಗೆ ಪರಸಿ ಕೇರಿಯವರು ತಮ್ಮ ಗುಂಡಿಯ ಮೇಲೆ ತಟ್ಟಿಯ ಚಪ್ಪರ ಹಾಕಿದರು. ಹೆಂಗಸರು ಇಬ್ಬಿಬ್ಬರಾಗಿ ಅದರಡಿ ಕೂತು, ಒಳಗೆ ನೆಲ ಕಾದಿತೆಂದು ಯಾರಾದರೂ ಕೂಗಿದ ಕೂಡಲೇ ಇಳಿದು ಪಾನಾ ತಿರುವುತ್ತಿದ್ದರು. ಮಂಡಳಿಯವರು ಒಮ್ಮೆ ಪೊಲೀಸರೊಂದಿಗೆ ಬಂದು ಹೋದರು. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಆ ಕಾವಲಿಗೆ ಸುಗಲಾಳೂ ದಿನಾ ಬರುತ್ತಿದ್ದಳು. ಬರಬೇಡವೆಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಇಂದುಮತಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಚಪ್ಪರದ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು. ಆ ದಿನದಿಂದೀಚೆಗೆ ತಂಗಿಯ ಜೊತೆ ಒಂದು ಮಾತೂ ಆಡಿರಲಿಲ್ಲ.

ಒಂದು ಮಧ್ಯಾಹ್ನ ಸುಗಲಾ ಗುಂಡಿಯಿಂದ ಮೇಲೆ ಬಂದು ಕಣ್ಣಿಗೆ ಕತ್ತಲು ಕವಿದಂತಾಗಿ ಕಂಬ ಹಿಡಿದು ಕೂತಳು. ಇಂದುಮತಿ ಅತ್ತ ತಿರುಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸಿನ ಕಡೆಗೆ ನೀರಿನ ತಂಬಿಗೆ ಸರಿಸಿ, “ಕುಡಿ ಅಂತ ಹೇಳು ಆಕಿಗಿ,” ಎಂದಳು.